ವಾರಕ್ಕೆ 5 ಕೆಜಿ ಇಳಿಸೋ ಚಾರ್ಟ್ ದಯವಿಟ್ಟು ಹಾಕ್ಬೇಡಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಲಿ ಮದುವೆ ಸೀಸನ್‌ಗೆ ಅಂತ ಏಳು ದಿನದ ಡಯಟ್ ಚಾರ್ಟ್ ಹಾಕಿದ್ರಿ. ಮೊದಲನೇ ದಿನ ಬರೀ ಹಣ್ಣು, ಎರಡನೇ ದಿನ ಬರೀ ತರಕಾರಿ, ನಾಲ್ಕನೇ ದಿನ ಬಾಳೆಹಣ್ಣು ಹಾಲು, ಅಂದ್ರೆ ಎಷ್ಟೋ ವರ್ಷದಿಂದ ಓಡಾಡ್ತಿರೋ ಅದೇ ಜಿಎಂ ಡಯಟ್. ಪಕ್ಕದಲ್ಲೇ ದಪ್ಪಕ್ಷರದಲ್ಲಿ 5 ಕೆಜಿ ಇಳಿಸಿ ಅಂತ. ನಮ್ಮನೆಗೆ ನಿಮ್ಮ ಪೇಪರ್ 20 ವರ್ಷದಿಂದ ಬರ್ತಿದೆ, ಪೇಪರ್‌ನಲ್ಲಿ ಬಂತು ಅಂದ್ರೆ ನಮ್ಮಪ್ಪನಂಥೋರಿಗೆ ಡಾಕ್ಟರ್ ಹೇಳಿದಷ್ಟೇ ತೂಕ ಅದಕ್ಕೆ, ಹಾಗಾಗಿ ಸುಮ್ನಿರೋಕೆ ಆಗ್ಲಿಲ್ಲ.

ಮೊದಲು ಲೆಕ್ಕ ನೋಡಿ. ಮೈಯಲ್ಲಿರೋ 1 ಕೆಜಿ ಕೊಬ್ಬು ಕರಗೋಕೆ ತಿಂದಿದ್ದಕ್ಕಿಂತ ಸುಮಾರು 7,700 ಕ್ಯಾಲೊರಿ ಜಾಸ್ತಿ ಖರ್ಚಾಗ್ಬೇಕು. 5 ಕೆಜಿಗೆ 38,500. ಸಾಧಾರಣ ಮನುಷ್ಯ ದಿನಕ್ಕೆ ಖರ್ಚು ಮಾಡೋದು ಹೆಚ್ಚುಕಮ್ಮಿ 2,000, ಅಂದ್ರೆ ಏಳು ದಿನ ಒಂದಗುಳೂ ಮುಟ್ಟದೆ ಪೂರ್ತಿ ಉಪವಾಸ ಇದ್ರೂ 2 ಕೆಜಿ ಕೊಬ್ಬು ಕೂಡ ಕರಗಲ್ಲ. ಹಂಗಾದ್ರೆ ತಕ್ಕಡಿ ಮೇಲೆ ಕಡಿಮೆ ಆಗಿದ್ದು ಏನು? ಜಾಸ್ತಿ ಪಾಲು ನೀರು. ನಮ್ಮ ಲಿವರ್ ಮತ್ತೆ ಮಾಂಸಖಂಡದಲ್ಲಿ ಅರ್ಧ ಕೆಜಿ ಹತ್ರ ಗ್ಲೈಕೋಜೆನ್ ಅಂತ ಸಕ್ಕರೆ ದಾಸ್ತಾನು ಇರುತ್ತೆ, ಅದರ ಒಂದೊಂದು ಗ್ರಾಂ ಜೊತೆ 3 ಗ್ರಾಂನಷ್ಟು ನೀರು ಅಂಟಿರುತ್ತೆ, ಊಟ ಕಡಿಮೆ ಮಾಡಿದ ತಕ್ಷಣ ಮೊದಲು ಖಾಲಿ ಆಗೋದೇ ಇದು. ಆಮೇಲೆ ಒಂದೆರಡು ದಿನ ಎಂದಿನ ಊಟ ಮಾಡಿದ್ರೆ ಆ ನೀರು ವಾಪಸ್. ಇದರ ಜೊತೆ ಒಂದಷ್ಟು ಮಾಂಸಖಂಡವೂ ಕರಗಿರುತ್ತೆ, ಅದು ಅಷ್ಟು ಸುಲಭಕ್ಕೆ ವಾಪಸ್ ಬರಲ್ಲ.

ತೂಕ ಮತ್ತೆ ಏರಿದಾಗ ಜನ ಬೈಕೊಳ್ಳೋದು ಡಯಟ್‌ನ ಅಲ್ಲ, ತಮ್ಮನ್ನ ತಾವೇ. ನಮ್ಮಕ್ಕ ಮೂರು ಸಲ ಹಿಂಗೇ ಮಾಡಿ ಮೂರು ಸಲಾನೂ "ನಂಗೆ ಕಂಟ್ರೋಲ್ ಇಲ್ಲ ಕಣೋ" ಅಂತ ಅತ್ತಿದ್ದಾಳೆ, ಕೂದಲು ಬೇರೆ ಹಿಡಿ ಹಿಡಿ ಉದುರಿತ್ತು ಆವಾಗ. ತಪ್ಪು ಅವಳದ್ದಲ್ಲ. ಅಮೆರಿಕದ ಮಿನ್ನೆಸೋಟ ಯೂನಿವರ್ಸಿಟಿಲಿ 1944-45ರಲ್ಲಿ 36 ಜನ ಆರೋಗ್ಯವಾಗಿದ್ದ ಗಂಡಸರಿಗೆ 24 ವಾರ ಅರ್ಧ ಹೊಟ್ಟೆ ಊಟ ಹಾಕಿ ನೋಡಿದ್ರು. ಅವರಿಗೆಲ್ಲ ಹಗಲೂ ರಾತ್ರಿ ಊಟದ್ದೇ ಧ್ಯಾನ ಆಗಿತ್ತು, ಅಡುಗೆ ಪುಸ್ತಕ ಕೂಡಿಡೋಕೆ ಶುರು ಮಾಡಿದ್ರು, ಮತ್ತೆ ಹೊಟ್ಟೆ ತುಂಬ ತಿನ್ನೋಕೆ ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿ ಕೊಬ್ಬು ಬಂತು. ಅಲ್ಲಿನ ದಿ ಬಿಗ್ಗೆಸ್ಟ್ ಲೂಸರ್ ಅನ್ನೋ ಟಿವಿ ಶೋನಲ್ಲಿ ತೂಕ ಇಳಿಸಿದ್ದ 14 ಜನರನ್ನ ಆರು ವರ್ಷದ ಮೇಲೆ ಪರೀಕ್ಷೆ ಮಾಡಿದ್ರು, ಅದರ ವರದಿ 2016ರಲ್ಲಿ ಬಂತು. 13 ಜನಕ್ಕೆ ತೂಕ ಮತ್ತೆ ಏರಿತ್ತು, ದೇಹ ಖರ್ಚು ಮಾಡ್ತಿದ್ದ ಕ್ಯಾಲೊರಿ ಮಾತ್ರ ಅವರ ಮೈತೂಕಕ್ಕೆ ಇರಬೇಕಾದ ಲೆಕ್ಕಕ್ಕಿಂತ ದಿನಕ್ಕೆ ಸುಮಾರು 500 ಕಡಿಮೆನೇ ಇತ್ತು. ಬರಗಾಲ ಬಂತು ಅಂತ ದೇಹ ಖರ್ಚಿನಲ್ಲಿ ಕೈ ಬಿಗಿಹಿಡಿದುಬಿಡುತ್ತೆ, ಅಕ್ಕ ಎಷ್ಟೇ ಗಟ್ಟಿ ಮನಸ್ಸು ಮಾಡಿದ್ರೂ ಅದನ್ನ ಬದಲಾಯಿಸೋಕೆ ಆಗ್ತಿರ್ಲಿಲ್ಲ.

ಇನ್ನು ಅಪ್ಪನ ವಿಷಯ. ಅಪ್ಪನಿಗೆ 12 ವರ್ಷದಿಂದ ಶುಗರ್ ಇದೆ, ಬೆಳಿಗ್ಗೆ ಗ್ಲಿಮೆಪಿರೈಡ್ ಮಾತ್ರೆ ತಗೋತಾರೆ. ಹೋದ ವರ್ಷ ವಾಟ್ಸಾಪ್‌ನಲ್ಲಿ ಬಂದ ವಿಡಿಯೋ ನೋಡಿ ಅನ್ನ ಮುದ್ದೆ ಎಲ್ಲ ಬಿಟ್ಟು ಮೊಟ್ಟೆ, ಪನೀರ್, ತುಪ್ಪ ಅಂತ ಕೀಟೋ ಶುರು ಮಾಡಿದ್ರು, ಮಾತ್ರೆ ಮಾತ್ರ ಅದೇ ಡೋಸು. ಮೂರನೇ ದಿನ ಬೆಳಿಗ್ಗೆ 11 ಗಂಟೆ ಹೊತ್ತಿಗೆ ಬನಿಯನ್ ಒದ್ದೆ ಆಗೋ ಹಾಗೆ ಬೆವರು, ಕೈ ನಡುಕ, ಅಮ್ಮ ಏನೋ ಕೇಳಿದ್ರೆ ತೊದಲ್ತಾ ಇದ್ರು. ಮಿಷಿನ್‌ನಲ್ಲಿ ನೋಡಿದ್ರೆ 48. ಎಪ್ಪತ್ತಕ್ಕಿಂತ ಕೆಳಗಿಳಿದ್ರೇನೆ ಲೋ ಶುಗರ್. ಅಮ್ಮ ಓಡಿಹೋಗಿ ಸಕ್ಕರೆ ಕದಡಿ ಕುಡಿಸಿದ್ರು, ಕಾಲು ಗಂಟೆ ಆದ್ಮೇಲೆ ಅಪ್ಪ ನನ್ನ ಹೆಸರು ಸರಿಯಾಗಿ ಕರೆದ್ರು. ಆ ಕಾಲು ಗಂಟೆ ನಾನು ಮರೆಯಲ್ಲ. ಆ ಮಾತ್ರೆ ಇನ್ಸುಲಿನ್ ಬರೋ ಹಾಗೆ ಮಾಡುತ್ತೆ, ಹೊಟ್ಟೆಗೆ ಏನು ಬಿತ್ತು ಅಂತ ಅದು ಕಾಯಲ್ಲ ಅಂತ ಡಾಕ್ಟರ್ ಆಮೇಲೆ ಬಿಡಿಸಿ ಹೇಳಿದ್ರು. ಶುಗರ್‌ಗೇ ಕೊಡೋ ಡಾಪಾಗ್ಲಿಫ್ಲೋಜಿನ್ ಥರದ ಇನ್ನೊಂದು ಬಗೆ ಮಾತ್ರೆ ತಗೊಳ್ಳೋರು ಕೀಟೋ ಮಾಡಿದ್ರೆ ಮಿಷಿನ್‌ನಲ್ಲಿ ಶುಗರ್ ಜಾಸ್ತಿ ಕಾಣದೇ ಇದ್ರೂ ರಕ್ತ ಆಮ್ಲ ಆಗಿ ಐಸಿಯು ಸೇರೋ ಪರಿಸ್ಥಿತಿ ಬರಬಹುದಂತೆ. ಶುಗರ್ ಇರೋ ಎಷ್ಟು ಜನ ಓದುಗರಿದ್ದಾರೆ ನಿಮಗೆ, ಅವರಿಗೆ ಒಂದು ಸಾಲು ಎಚ್ಚರಿಕೆನೂ ಆ ಚಾರ್ಟ್ ಕೆಳಗೆ ಇರಲಿಲ್ಲ.

ಪಾರ್ಕ್ ಗೇಟ್ ಹತ್ರ ಮಾರೋ ಸೋರೆಕಾಯಿ ಜ್ಯೂಸ್ ಬಗ್ಗೆನೂ ಯಾರಾದ್ರೂ ಬರೀಬೇಕು. ಕಹಿ ಸೋರೆಕಾಯಿ ವಿಷ, 2010ರಲ್ಲಿ ದೆಹಲಿಲಿ ಒಬ್ಬ ವಿಜ್ಞಾನಿ ಅದರ ರಸ ಕುಡಿದು ತೀರಿಕೊಂಡ್ರು. ಕಹಿ ಇದ್ರೆ ಉಗಿದುಬಿಡಬೇಕು, ಆದ್ರೆ ಹಾಗಲಕಾಯಿ ಬೆರೆಸಿದ್ರೆ ಕಹಿ ಯಾವುದರದ್ದು ಅಂತ ಗೊತ್ತಾಗೋದಾದ್ರೂ ಹೆಂಗೆ?

ಹಾಗಂತ ತೂಕ ಇಳಿಸೋದೇ ಬೇಡ ಅಂತಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ವಾರಕ್ಕೆ ಅರ್ಧ ಕೆಜಿ ಇಳಿಸೋದು ಸೇಫ್ ಅನ್ನುತ್ತೆ. 2024ರ ಮಾರ್ಗಸೂಚಿಲಿ ದಿನದ ಕ್ಯಾಲೊರಿಲಿ ಧಾನ್ಯದ ಪಾಲು 45% ದಾಟಬಾರದು ಅಂದಿದೆ, ನಮ್ಮ ತಟ್ಟೆಲಿ ಅನ್ನ ಅದಕ್ಕಿಂತ ಎಷ್ಟು ಜಾಸ್ತಿ ಇರುತ್ತೆ ಅಂತ ನಿಮಗೂ ಗೊತ್ತು. ಅಪ್ಪ ಈಗ ಮಾತ್ರೆ ಡೋಸು ಕೇಳಿಕೊಂಡು ಒಂದು ಮುದ್ದೆ ಬದಲು ಅರ್ಧ ಮುದ್ದೆ, ಮೇಲೆ ಕಾಳು ಹಾಕಿದ ಬಸ್ಸಾರು, ಪಲ್ಯ ಜಾಸ್ತಿ, ಸಂಜೆ 40 ನಿಮಿಷ ವಾಕಿಂಗು, ಇಷ್ಟೇ ಮಾಡ್ತಿರೋದು. ಎಂಟು ತಿಂಗಳಲ್ಲಿ 6 ಕೆಜಿ ಇಳಿದಿದ್ದಾರೆ.

ನಮ್ಮ ಕೋರಿಕೆ ಇಷ್ಟೇ. ಡಯಟ್ ಬರಹ ಹಾಕೋ ಮುಂಚೆ ಒಬ್ಬ ಡಯಟೀಷಿಯನ್‌ಗೋ ಡಾಕ್ಟರ್‌ಗೋ ತೋರಿಸಿ, ಶುಗರ್ ಬಿಪಿ ಮಾತ್ರೆ ತಗೊಳ್ಳೋರು, ಬಸುರಿ ಬಾಣಂತಿಯರು ಡಾಕ್ಟರ್‌ನ ಕೇಳದೆ ಮಾಡಬೇಡಿ ಅಂತ ಅದೇ ದಪ್ಪಕ್ಷರದಲ್ಲಿ ಹಾಕಿ. ಹೋದ ವಾರದ ಚಾರ್ಟ್‌ಗೂ ಈ ಭಾನುವಾರ ಒಂದು ತಿದ್ದುಪಡಿ ಬರಲಿ, ಅದನ್ನ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿಕೊಂಡಿರೋರು ನಮ್ಮ ಬೀದಿಲೇ ಇಬ್ಬರಿದ್ದಾರೆ.

ಇಂತಿ,
ನಿಮ್ಮ ಓದುಗ, ತುಮಕೂರು