ಓಪನ್ ವರ್ಲ್ಡ್ ಆಟ ಮುಗಿಯಿತೆಂದು ತೀರ್ಮಾನಿಸಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳಲ್ಲಿ ಹೆಚ್ಚಿನವು ದಿನಕ್ಕೆ ಎಷ್ಟು ಹೊತ್ತು ಆಡಬೇಕು, ಆಡಬಾರದು ಎಂಬ ಚರ್ಚೆಯ ಸುತ್ತಲೇ ಇರುತ್ತವೆ. ಆ ಚರ್ಚೆ ಬೇಕಾದದ್ದೇ. ಆದರೆ ಓಪನ್ ವರ್ಲ್ಡ್ ಎಂದು ಕರೆಯುವ ಬಗೆಯ ಆಟಗಳನ್ನು ಬಹುಕಾಲದಿಂದ ಪ್ರೀತಿಯಿಂದ ಆಡುತ್ತ ಬಂದಿರುವ ನನಗೆ, ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ ಎನಿಸುತ್ತದೆ. ಇಂಥ ಆಟ ಮುಗಿಯುವುದು ಯಾವಾಗ? ಮುಗಿಯಿತೆಂದು ತೀರ್ಮಾನಿಸುವ ಹಕ್ಕು ಆಟ ಮಾಡಿದವರದೋ, ಆಡುವವರದೋ? ಈ ಬಗ್ಗೆ ಕೆಲವು ಮಾತುಗಳನ್ನು ತಮ್ಮ ಓದುಗರ ಮುಂದೆ ಇಡಲು ಬಯಸುತ್ತೇನೆ.

ಹಳೆಯ ಆಟಗಳಲ್ಲಿ ಈ ಗೊಂದಲವಿರಲಿಲ್ಲ. 1985ರಲ್ಲಿ ಬಂದ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಎಂಟು ಲೋಕಗಳು, ಲೋಕಕ್ಕೆ ನಾಲ್ಕರಂತೆ 32 ಹಂತಗಳು. ಕೊನೆಯ ಹಂತ ದಾಟಿ ರಾಜಕುಮಾರಿಯನ್ನು ಬಿಡಿಸಿದರೆ ಆಟ ಮುಗಿಯಿತು. ಓಪನ್ ವರ್ಲ್ಡ್ ಆಟಗಳಲ್ಲಿ ಆಟಗಾರನನ್ನು ಒಂದು ವಿಶಾಲವಾದ ನಾಡಿನಲ್ಲಿ ಬಿಟ್ಟುಬಿಡುತ್ತಾರೆ. ಕಥೆಯನ್ನು ಇಂದು ಮುಂದುವರಿಸಬಹುದು, ತಿಂಗಳು ಬಿಟ್ಟು ಮುಂದುವರಿಸಬಹುದು. ಕಥೆ ಮುಗಿದ ಮೇಲೂ ಬೆಟ್ಟ, ಊರು, ಗುಹೆಗಳು ಅಲ್ಲೇ ಇರುತ್ತವೆ, ಮಾಡದೆ ಉಳಿದ ಕೆಲಸಗಳು ಮ್ಯಾಪಿನ ಮೇಲೆ ಚುಕ್ಕಿಗಳಾಗಿ ಕರೆಯುತ್ತಿರುತ್ತವೆ. ಯಕ್ಷಗಾನದಲ್ಲಿ ಬೆಳಗಿನ ಜಾವ ಭಾಗವತರು ಮಂಗಳ ಹಾಡಿದರೆ ಪ್ರೇಕ್ಷಕರು ಚಾಪೆ ಸುತ್ತಿ ಏಳುತ್ತಾರೆ. ಇಲ್ಲಿ ಮಂಗಳ ಹಾಡುವವರೇ ಇಲ್ಲ.

ನಾನು ಚೆನ್ನಾಗಿ ಬಲ್ಲ ಒಂದು ಆಟದ ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಜಪಾನಿನ ನಿಂಟೆಂಡೊ ಸಂಸ್ಥೆ 2017ರ ಮಾರ್ಚ್ ತಿಂಗಳಲ್ಲಿ ಬಿಡುಗಡೆ ಮಾಡಿದ ‘ದಿ ಲೆಜೆಂಡ್ ಆಫ್ ಜೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ನಲ್ಲಿ ನೂರು ವರ್ಷದ ನಿದ್ದೆಯಿಂದ ಎದ್ದ ಲಿಂಕ್ ಎಂಬ ಯುವಕ, ಹೈರೂಲ್ ಎಂಬ ನಾಡಿನ ಅರಮನೆಯನ್ನು ಆವರಿಸಿರುವ ಗ್ಯಾನನ್ ಎಂಬ ದುಷ್ಟಶಕ್ತಿಯನ್ನು ಸಂಹರಿಸಬೇಕು. ಆಟ ಶುರುವಾಗುವ ಪ್ರಸ್ಥಭೂಮಿಯ ನಾಲ್ಕು ಗುಡಿಗಳೊಳಗಿನ ಒಗಟುಗಳನ್ನು ಬಿಡಿಸಿ, ಗಾಳಿಯಲ್ಲಿ ತೇಲಿ ಕೆಳಗಿಳಿಯುವ ಸಾಧನ ಕೈಗೆ ಬಂದ ಕ್ಷಣದಿಂದಲೇ ನೇರವಾಗಿ ಅರಮನೆಗೆ ಹೋಗಿ ಕೊನೆಯ ಯುದ್ಧ ಮಾಡಲು ಅಡ್ಡಿಯಿಲ್ಲ. ವೇಗದ ಆಟದಲ್ಲಿ ಪಳಗಿದವರು ಅರ್ಧ ಗಂಟೆಯೊಳಗೇ ಆಟವನ್ನು ಮುಗಿಸಿ ತೋರಿಸಿದ್ದಾರೆ. ಇನ್ನೊಂದೆಡೆ, ಇದೇ ಆಟಕ್ಕೆ ಹಣ ಕೊಟ್ಟು ಪಡೆಯುವ ವಿಸ್ತರಣೆಯಲ್ಲಿ ಲಿಂಕ್ ನಡೆದ ದಾರಿಯನ್ನೆಲ್ಲ ಮ್ಯಾಪಿನ ಮೇಲೆ ಗೆರೆಯಾಗಿ ತೋರಿಸುವ ಸೌಲಭ್ಯವಿದ್ದು, ಅದು ಕಳೆದ 200 ಗಂಟೆಗಳ ಓಡಾಟವನ್ನು ನೆನಪಿಡುತ್ತದೆ. ಅಂದರೆ ಅಷ್ಟು ಕಾಲ ಆಡುವವರು ಇರುತ್ತಾರೆಂದು ಎಣಿಸಿಯೇ ಅದನ್ನು ಮಾಡಿದ್ದಾರೆ. ಅರ್ಧ ಗಂಟೆಗೂ ಇನ್ನೂರು ಗಂಟೆಗೂ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು ಆಟ ಹೇಳುವುದಿಲ್ಲ.

ಹೇಳುವಂತೆ ತೋರುವ ಒಂದು ಅಂಕಿ ಮಾತ್ರ ಇದೆ. ಗ್ಯಾನನ್‌ನನ್ನು ಸೋಲಿಸಿದ ಮೇಲೆ ಮ್ಯಾಪಿನ ಮೂಲೆಯಲ್ಲಿ ಶೇಕಡಾವಾರು ಲೆಕ್ಕವೊಂದು ಕಾಣಿಸಿಕೊಳ್ಳುತ್ತದೆ. ತಿಂಗಳುಗಟ್ಟಲೆ ಆಡಿ, ಕಥೆಯನ್ನು ಪೂರೈಸಿ, ತೃಪ್ತಿಯಿಂದ ಕೂತವನಿಗೆ ‘ನೀನು ಮಾಡಿದ್ದು ಇಷ್ಟೇ’ ಎಂದು ಅದು ಮೂವತ್ತೋ ನಲವತ್ತೋ ಎಂಬ ಸಂಖ್ಯೆಯನ್ನು ಮುಂದಿಡುತ್ತದೆ. ನನ್ನ ತಕರಾರು ಇರುವುದು ಈ ಅಂಕಿಯ ಬಗ್ಗೆ, ಏಕೆಂದರೆ ಅದು ಎಣಿಸುವುದು ಹುಡುಕಿದ ಜಾಗಗಳನ್ನೂ ಹೆಕ್ಕಿದ ವಸ್ತುಗಳನ್ನೂ ಹೊರತು ಆ ನಾಡಿನಲ್ಲಿ ಆಟಗಾರ ಬಾಳಿದ ಬಾಳನ್ನಲ್ಲ. ಅದೇ ಆಟದ ಅಕ್ಕಾಲಾ ಸೀಮೆಯಲ್ಲಿ ಹಡ್ಸನ್ ಎಂಬ ಕಟ್ಟಡ ಕೆಲಸದವನು ಕೆರೆಯ ನಡುವಿನ ಬಂಡೆಯ ಮೇಲೆ ಒಬ್ಬನೇ ಒಂದು ಊರು ಕಟ್ಟಲು ಹೊರಟಿರುತ್ತಾನೆ. ಅವನಿಗೆ ಮರದ ಹೊರೆಗಳನ್ನು ತಂದುಕೊಡಬೇಕು. ಹೆಸರು ‘ಸನ್’ ಎಂದು ಕೊನೆಗೊಳ್ಳುವವರನ್ನೇ ನಾಡಿನ ನಾಲ್ಕು ಬೇರೆ ಬೇರೆ ಕುಲಗಳಿಂದ ಹುಡುಕಿ ಅಲ್ಲಿಗೆ ಕಳುಹಿಸಬೇಕು. ಒಬ್ಬೊಬ್ಬರು ಬಂದು ನೆಲೆಸಿದಂತೆಲ್ಲ ಹೊಸದೊಂದು ಮನೆ ಏಳುತ್ತದೆ, ಅವರ ಸೀಮೆಯ ವಾದ್ಯವೊಂದು ಊರಿನ ಹಿನ್ನೆಲೆ ಸಂಗೀತಕ್ಕೆ ಸೇರಿಕೊಳ್ಳುತ್ತದೆ. ಕಡೆಗೆ ಅಲ್ಲಿಗೆ ಬಂದ ಹೆಣ್ಣೊಬ್ಬಳೊಂದಿಗೆ ಹಡ್ಸನ್‌ನ ಮದುವೆಯೂ ನಡೆಯುತ್ತದೆ. ಆ ಆಟದಲ್ಲಿ ನನ್ನ ಮನಸ್ಸಿಗೆ ಅತ್ಯಂತ ಹತ್ತಿರವಾದ ಭಾಗ ಇದು. ಆದರೆ ಇಂಥ ಉಪಕಾರದ ಕೆಲಸಗಳಿಗೆ ಆ ಶೇಕಡಾ ಲೆಕ್ಕದಲ್ಲಿ ಜಾಗವಿಲ್ಲ.

ಹಾಗಾದರೆ ಆ ಲೆಕ್ಕವನ್ನು ತುಂಬುವುದು ಯಾವುದು? ಬಹುಪಾಲು ಕೊರಾಕ್ ಬೀಜಗಳು. ಕೊರಾಕ್‌ಗಳು ಎಲೆಯ ಮುಖವಾಡ ತೊಟ್ಟ ಪುಟ್ಟ ವನದೇವತೆಗಳು. ಒಂಟಿ ಕಲ್ಲನ್ನು ಎತ್ತಿದಾಗಲೋ, ನೀರಿನ ಮೇಲೆ ವೃತ್ತಾಕಾರವಾಗಿ ನಿಂತ ತಾವರೆ ಎಲೆಗಳ ನಡುವೆ ಧುಮುಕಿದಾಗಲೋ ಖುಷಿಯಿಂದ ಕೂಗುತ್ತ ಪ್ರತ್ಯಕ್ಷವಾಗಿ ಬೀಜವೊಂದನ್ನು ಕೊಡುತ್ತವೆ. ಅಂಥವು ಒಟ್ಟು 900 ಇವೆ. ಬೀಜಗಳನ್ನು ಹೆಸ್ಟು ಎಂಬವನಿಗೆ ಕೊಟ್ಟರೆ ಆಯುಧಗಳನ್ನು ಇಟ್ಟುಕೊಳ್ಳುವ ಚೀಲ ದೊಡ್ಡದಾಗುತ್ತದೆ. ಚೀಲ ಪೂರ್ತಿ ದೊಡ್ಡದಾಗಲು 441 ಬೀಜಗಳು ಸಾಕು. ಉಳಿದ 459 ಬೀಜಗಳನ್ನೂ ಪಟ್ಟುಹಿಡಿದು ತಂದವನಿಗೆ ಹೆಸ್ಟು ಕೊಡುವ ಉಡುಗೊರೆ, ಮಲದ ಆಕಾರದ ಒಂದು ಚಿನ್ನದ ಬಣ್ಣದ ಗುಪ್ಪೆ. ಅದರಿಂದ ಬೇಕೆಂದಾಗ ಅವನ ಕುಣಿತವನ್ನು ನೋಡಬಹುದೇ ಹೊರತು ಬೇರೆ ಉಪಯೋಗವಿಲ್ಲ. ಇದನ್ನು ಕೆಲವರು ಅವಮಾನವೆಂದು ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ದಾರಿಹೋಕನಿಗೆ ಎತ್ತ ಹೋದರೂ ಒಂದಾದರೂ ಸಿಗಲಿ ಎಂದು ನಾಡಿನ ತುಂಬ ಚೆಲ್ಲಿದ ಬೀಜಗಳವು. ಒಂದನ್ನೂ ಬಿಡದೆ ಗುಡಿಸಿ ತರಲಿ ಎಂದು ಇಟ್ಟವಲ್ಲ. ಮಾಡಿದವರೇ ಅಷ್ಟು ಸ್ಪಷ್ಟವಾಗಿ ತಿಳಿಸಿರುವಾಗ ನಾವು ನೂರಕ್ಕೆ ನೂರು ಎಂಬ ಅಂಕಿಗೆ ಜೋತುಬೀಳುವುದೇಕೆ?

ಈ ಗೀಳು ನಮ್ಮಲ್ಲಿ ಬೇರೂರಲು ಕಾರಣಗಳಿವೆ. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಎಂಬ ಗೇಮ್ ಯಂತ್ರವು ಆಟದೊಳಗಿನ ಪ್ರತಿ ಸಾಧನೆಗೂ ಅಂಕ ಕೊಡತೊಡಗಿತು; 2008ರಲ್ಲಿ ಪ್ಲೇಸ್ಟೇಷನ್ 3 ಎಂಬ ಇನ್ನೊಂದು ಯಂತ್ರವು ಟ್ರೋಫಿಗಳನ್ನು ತಂದು, ಆಟದ ಟ್ರೋಫಿಗಳನ್ನೆಲ್ಲ ಗೆದ್ದವರಿಗೆ ಪ್ಲಾಟಿನಂ ಎಂಬ ಟ್ರೋಫಿಯನ್ನೂ ಕೊಟ್ಟಿತು. ಅಂದಿನಿಂದ ಆಟ ಮುಗಿಸುವುದೆಂದರೆ ಬೇರೆಯವರಿಗೆ ಕಾಣುವ ಒಂದು ಪಟ್ಟಿಯನ್ನು ತುಂಬಿಸುವುದು ಎಂಬಂತಾಗಿದೆ. 2011ರ ‘ಸ್ಕೈರಿಮ್’ ಮುಂತಾದ ಆಟಗಳಲ್ಲಂತೂ ಕಂಪ್ಯೂಟರೇ ಜಾಗ, ಶತ್ರುಗಳನ್ನು ಬದಲಿಸಿ ಹೊಸ ಹೊಸ ಕೆಲಸಗಳನ್ನು ಹುಟ್ಟಿಸುತ್ತಲೇ ಹೋಗುವುದರಿಂದ, ಎಲ್ಲವನ್ನೂ ಮುಗಿಸುತ್ತೇನೆಂದು ಹೊರಟವನು ಎಂದೂ ಮುಗಿಸಲಾರ.

ಸಂಗ್ರಹವೆಲ್ಲ ವ್ಯರ್ಥವೆಂಬುದು ನನ್ನ ವಾದವಲ್ಲ. 2009ರ ‘ಅಸ್ಯಾಸಿನ್ಸ್ ಕ್ರೀಡ್ 2’ರಲ್ಲಿ ಇಟಲಿಯ ಪಟ್ಟಣಗಳ ಮಾಳಿಗೆಗಳ ಮೇಲೆಲ್ಲ 100 ಗರಿಗಳಿವೆ. ಕಥಾನಾಯಕ ಎಜಿಯೊನ ತಮ್ಮ ಗರಿಗಳನ್ನು ಕೂಡಿಡುತ್ತಿದ್ದ ಹುಡುಗ. ಅವನನ್ನು ಗಲ್ಲಿಗೇರಿಸಿದ ಮೇಲೆ ತಾಯಿ ಮಾತನ್ನೇ ಬಿಟ್ಟಿರುತ್ತಾಳೆ. ಗರಿಗಳನ್ನೆಲ್ಲ ತಂದು ಒಪ್ಪಿಸಿದಾಗ ಆಕೆ ಮತ್ತೆ ಬಾಯಿ ತೆರೆಯುತ್ತಾಳೆ. ಅಲ್ಲಿ ನೂರನೆಯ ಗರಿಗೆ ಅರ್ಥವಿದೆ, ಏಕೆಂದರೆ ಅದನ್ನು ಬೇಡುತ್ತಿರುವುದು ಕಥೆ. ಹಾಗೆಯೇ ಒಂದು ನಾಡಿನ ಮೂಲೆಮೂಲೆಯನ್ನೂ ನೋಡಬೇಕೆಂಬ ಆಸೆಯಿಂದ 900 ಬೀಜಗಳನ್ನೂ ಹುಡುಕುವವರ ಆನಂದ ನಿಜವಾದದ್ದು. ಅದನ್ನು ಅಲ್ಲಗಳೆಯುವ ಅಧಿಕಾರ ಯಾರಿಗೂ ಇಲ್ಲ.

ನಾನು ಅನುಸರಿಸುವ ಅಳತೆ ಬೇರೆ. ಟಿ.ವಿ. ಪರದೆಯ ಮೇಲಿನ ನಾಡಿಗಿಂತ ಪಕ್ಕದಲ್ಲಿಟ್ಟ ಮೊಬೈಲಿನಲ್ಲಿ ಯಾರೋ ಗುರುತು ಹಾಕಿಟ್ಟ ಮ್ಯಾಪನ್ನೇ ಹೆಚ್ಚು ನೋಡುವಂತಾದಾಗ, ಬೆಟ್ಟ ಹತ್ತುವಾಗ ಆಚೆ ಏನಿದೆಯೋ ಎಂಬ ಕುತೂಹಲ ಹೋಗಿ ಇನ್ನೆಷ್ಟು ಉಳಿದಿದೆ ಎಂಬ ಎಣಿಕೆಯೊಂದೇ ಉಳಿದಾಗ, ಆ ಆಟ ನನ್ನ ಪಾಲಿಗೆ ಮುಗಿದಿದೆ. ಆ ಹೊತ್ತಿಗೆ ಕಥೆಯ ಕೊನೆ ಬಾಕಿ ಇದ್ದರೆ ಅದನ್ನು ಆಡಿ, ಕೊನೆಯಲ್ಲಿ ಬರುವ ಹೆಸರುಗಳನ್ನು ಪೂರ್ತಿ ನೋಡಿ, ಎದ್ದುಬಿಡಬೇಕು. ಜೆಲ್ಡಾ ಆಟದ ಮಟ್ಟಿಗೆ ಹೇಳುವುದಾದರೆ, ಗ್ಯಾನನ್‌ನ ವಶವಾಗಿರುವ ನಾಲ್ಕು ದೈತ್ಯ ಯಂತ್ರಮೃಗಗಳನ್ನು ಬಿಡಿಸಿ, ಹಳೆಯ ಚಿತ್ರಗಳು ತೋರಿಸುವ ಜಾಗಗಳಿಗೆ ಹೋಗಿ ಲಿಂಕ್‌ನ ಕಳೆದುಹೋದ ನೆನಪುಗಳನ್ನೆಲ್ಲ ಮರಳಿ ಪಡೆದು, ಆಮೇಲೆ ಅರಮನೆಗೆ ಹೋಗುವುದು ಯೋಗ್ಯವಾದ ಮುಕ್ತಾಯ. ಆ ನೆನಪುಗಳು ಪೂರ್ತಿಯಾದವರಿಗೆ ಕೊನೆಯಲ್ಲಿ ಹೆಚ್ಚಿನ ದೃಶ್ಯವೊಂದನ್ನು ಇಟ್ಟಿರುವುದರಿಂದ, ಮಾಡಿದವರ ಮನಸ್ಸಿನಲ್ಲೂ ಪೂರ್ಣವಾದ ಕಥೆಯೆಂದರೆ ಅದೇ ಎಂದು ಊಹಿಸಬಹುದು.

ಇದಕ್ಕೆ ವಿರುದ್ಧವಾದ ಪ್ರವೃತ್ತಿಯೂ ಉಂಟು. ಆಟ ಮುಗಿದುಹೋಗುತ್ತದಲ್ಲ ಎಂಬ ಸಂಕಟದಿಂದ ಕೊನೆಯ ಯುದ್ಧವನ್ನು ಮುಂದೂಡುತ್ತಲೇ ಹೋಗಿ, ಕಡೆಗೆ ಆಟದ ಮೇಲಿನ ಆಸಕ್ತಿಯೇ ಆರಿ, ಅದನ್ನು ಅರ್ಧಕ್ಕೆ ಬಿಟ್ಟವರು ನನ್ನ ಸ್ನೇಹಿತರಲ್ಲಿ ಅನೇಕರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟು: ಈ ಆಟದಲ್ಲಿ ಗ್ಯಾನನ್ ಸತ್ತ ಮೇಲೂ ಆಟವನ್ನು ಉಳಿಸಿಟ್ಟ ಸೇವ್ ಕಡತವು ನಮ್ಮನ್ನು ಯುದ್ಧಕ್ಕೆ ಹಿಂದಿನ ಗಳಿಗೆಗೇ ತಂದು ನಿಲ್ಲಿಸುತ್ತದೆ. ಅಲೆಯುವ ನಾಡು ಎಲ್ಲಿಗೂ ಹೋಗುವುದಿಲ್ಲ. ಆದರೆ ಗೆದ್ದ ಮೇಲಿನ ಹೈರೂಲನ್ನು ಆ ಆಟದೊಳಗೆ ಸುತ್ತಾಡಲಾಗದು. ಆದ್ದರಿಂದ ಉತ್ಸಾಹ ಇರುವಾಗಲೇ ಅರಮನೆಗೆ ಹೋಗುವುದು ಲೇಸು.

ತಮ್ಮಲ್ಲಿ ನನ್ನ ಕೋರಿಕೆ ಇದು. ತಂತ್ರಜ್ಞಾನದ ಪುಟಗಳಲ್ಲಿ ಹೊಸ ಆಟಗಳ ಪರಿಚಯ ಬರೆಸುವಾಗ ಗ್ರಾಫಿಕ್ಸ್, ಬೆಲೆ, ಎಷ್ಟು ಗಂಟೆಯ ಆಟ ಎಂಬ ವಿವರಗಳ ಜೊತೆಗೆ, ಕಥೆ ಎಲ್ಲಿ ಕೊನೆಗೊಳ್ಳುತ್ತದೆ, ಅದಾದ ಮೇಲೆ ಉಳಿಯುವುದರಲ್ಲಿ ಆಡಲು ಯೋಗ್ಯವಾದದ್ದು ಎಷ್ಟು, ಬರಿಯ ಎಣಿಕೆ ತುಂಬಿಸುವುದು ಎಷ್ಟು ಎಂಬುದನ್ನೂ ವಿಮರ್ಶಕರು ಬರೆಯುವಂತಾಗಲಿ. ಅದರಿಂದ ಆಡುವವರಿಗಷ್ಟೇ ಅಲ್ಲ, ಪಾಲಕರಿಗೂ ಅನುಕೂಲ. ‘ಇನ್ನೂ ಮುಗಿದಿಲ್ಲವೇ’ ಎಂದು ದಿನವೂ ಗದರಿಸುವ ತಂದೆತಾಯಿಗೆ ತಮ್ಮ ಮಗ ಅಥವಾ ಮಗಳು ಈಗ ಕಥೆಯ ಯಾವ ಭಾಗದಲ್ಲಿದ್ದಾರೆ, ಎಲ್ಲಿ ನಿಲ್ಲಿಸಲು ಉದ್ದೇಶಿಸಿದ್ದಾರೆ ಎಂದು ಕೂತು ಕೇಳಲು ಅಷ್ಟು ತಿಳಿವಳಿಕೆ ಬೇಕು. ಆ ಪ್ರಶ್ನೆಗೆ ಮಕ್ಕಳು ಯೋಚಿಸಿಯೇ ಉತ್ತರ ಕೊಡುತ್ತಾರೆಂಬ ನಂಬಿಕೆ ನನಗಿದೆ.

ವಂದನೆಗಳೊಂದಿಗೆ,
ತಮ್ಮ ಪತ್ರಿಕೆಯ ಓದುಗ,
ಶಿವಮೊಗ್ಗ