ಒಂದು ಮಾತು ಹೇಳಬಾರದಿತ್ತಾ?

ಟ್ಯೂಬಿಂಗೆನ್, ಜರ್ಮನಿ

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾವಿಬ್ಬರೂ ಚೆನ್ನಾಗಿದ್ದೇವೆ. ಚಳಿ ಮಾತ್ರ ಬಿಡುತ್ತಿಲ್ಲ. ಅಡಿಕೆ ಸುಲಿಯೋಕೆ ಜನ ಸಿಕ್ಕರಾ?

ಮೊನ್ನೆ ಫೋನಿನಲ್ಲಿ ನೀನು ‘ಚಿಕ್ಕಪ್ಪ ಮಾತು ಬಿಟ್ಟಿದ್ದಾರೆ’ ಅಂದೆಯಲ್ಲ, ಪಕ್ಕದಲ್ಲಿದ್ದ ನಿನ್ನ ಸೊಸೆ ಗಾಬರಿಯಾದಳು. ಡಾಕ್ಟರಿಗೆ ತೋರಿಸಿದರಾ ಅಂತ ಕೇಳಿದಳು! ಕಾಯಿಲೆಯಿಂದ ಹೋದರೆ ‘ಮಾತು ಬಿದ್ದುಹೋಯಿತು’, ಸಿಟ್ಟಿನಿಂದ ನಿಲ್ಲಿಸಿದರೆ ‘ಮಾತು ಬಿಟ್ಟರು’ ಅಂತ ಹೇಳಿಕೊಟ್ಟೆ. ಬರೆದುಕೊಂಡಳು. ಅಲ್ಲಿಗೆ ಮುಗಿಯಲಿಲ್ಲ. ಮಗುವಿಗೆ ಮಾತು ಬಂದರೆ ಎಲ್ಲರಿಗೂ ಖುಷಿ. ‘ನಾಳೆ ನನಗೆ ಮಾತು ಬರುತ್ತೆ’ ಅಂತ ನೀನು ಹೆದರುವುದು ಯಾಕೆ ಅಂತ ಅವಳ ಮುಂದಿನ ಪ್ರಶ್ನೆ.

ನಮ್ಮ ಕಿಟೆಲ್ ಕೊನೆಗಾಲ ಕಳೆದದ್ದು ಇದೇ ಊರಿನಲ್ಲಿ. 1903ರಲ್ಲಿ ಇಲ್ಲೇ ತೀರಿಕೊಂಡರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ, ಜೊತೆಗೆ ರಾಶಿ ಗಾದೆಗಳು. ಅಷ್ಟು ಕೆಲಸ ಮಾಡಿದವರೂ ನಮ್ಮ ಜಗಲಿಯಲ್ಲಿ ಒಂದು ಮಳೆಗಾಲ ಕೂತಿದ್ದರೆ ಇನ್ನೊಂದಿಷ್ಟು ಪುಟ ಸೇರಿಸುತ್ತಿದ್ದರು ಅನಿಸುತ್ತದೆ.

‘ಮಾತು ಕೇಳಿಸುತ್ತಿಲ್ಲ’ ಅಂದರೆ ಫೋನಿನ ತಪ್ಪು. ‘ಮಾತು ಕೇಳುತ್ತಿಲ್ಲ’ ಅಂದರೆ ಮಗನ ತಪ್ಪು. ‘ಅಜ್ಜನ ಕಾಲದ ಮಾತು’ ಅನ್ನುವಾಗ ಅಜ್ಜ ಬಾಯಿ ತೆರೆದಿರಲೇಬೇಕು ಅಂತಿಲ್ಲ. ಮಾತು ಕೊಡುವುದನ್ನು ಮಾತ್ರ ಅವಳಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಜರ್ಮನ್‌ನಲ್ಲೂ ಮಾತು ಕೊಡುತ್ತಾರೆ, ಉಳಿಸಿಕೊಳ್ಳುತ್ತಾರೆ, ಮುರಿಯುತ್ತಾರೆ. ಆದರೆ ನಾವು ನಡುವೆ ಬಾಯಿ ಹಾಕಿದರೆ ಇವರು ಮಾತಿನೊಳಗೆ ಬೀಳುತ್ತಾರಂತೆ. ನಮ್ಮ ಸೋದರತ್ತೆಗೆ ಇದೇ ಸರಿ, ಅಲ್ವಾ?

ಅವಳನ್ನು ಜಾಸ್ತಿ ಸುಸ್ತು ಮಾಡಿದ್ದು ‘ಒಂದು ಮಾತು’. ‘ಒಂದು ಮಾತು ಅಂದಿದ್ದಕ್ಕೇ ಅತ್ತುಬಿಟ್ಟಳು’ ಅಂದರೆ ಅದು ಬೈಗುಳ. ‘ಒಂದು ಮಾತು ಹೇಳಬಾರದಿತ್ತಾ?’ ಅಂದರೆ, ನಾನು ನಿಮಗೆ ಲೆಕ್ಕಕ್ಕೇ ಇಲ್ಲವಾ ಅಂತ. ಇದನ್ನು ಬಿಡಿಸಿ ಹೇಳುತ್ತಿದ್ದಾಗಲೇ ಚಿಕ್ಕಪ್ಪನ ಸಿಟ್ಟು ನನಗೆ ಅರ್ಥವಾಯಿತು. ಬೋರ್‌ವೆಲ್ ಕೊರೆಸಬೇಡಿ ಅಂತ ಅವರು ಯಾವತ್ತೂ ಅನ್ನುತ್ತಿರಲಿಲ್ಲ. ಲಾರಿ ಬರುವ ಮುಂಚೆ ಅಪ್ಪ ಬೇಲಿ ಹತ್ತಿರ ನಿಂತು ಒಂದು ಮಾತು ಹೇಳಿದ್ದರೆ ಅವರೇ ಬಂದು ಜಾಗ ತೋರಿಸುತ್ತಿದ್ದರು.

ಈಗ ಅಪ್ಪ ತಾವಾಗಿ ಹೋಗುವುದು ಆಗುವ ಮಾತಲ್ಲ. ನೀನು ಹೋಗು. ಚಿಕ್ಕಮ್ಮನ ಮಂಡಿನೋವು ಇದ್ದೇ ಇದೆ. ‘ಸುಮ್ನೆ ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ’ ಅಂದರೆ ನಮ್ಮ ಕಡೆ ಯಾರೂ ಮೇಲೆ ಪ್ರಶ್ನೆ ಕೇಳುವುದಿಲ್ಲ. ಬೋರ್‌ವೆಲ್ ಮಾತು ಮಾತ್ರ ತೆಗೆಯಬೇಡ. ಅವರೇ ತೆಗೆದರೆ ತೆಗೆಯಲಿ.

ಭಾನುವಾರ ನಿನ್ನ ಸೊಸೆ ಚಿಕ್ಕಪ್ಪನಿಗೆ ಫೋನ್ ಮಾಡುತ್ತಾಳಂತೆ, ಕನ್ನಡದಲ್ಲೇ. ಅಷ್ಟರೊಳಗೆ ನೀನು ಒಂದು ಸಲ ಹೋಗಿ ಬಂದಿರು.

ಅಪ್ಪನಿಗೆ ನಮಸ್ಕಾರ ತಿಳಿಸು. ಈ ಪತ್ರ ತೋರಿಸಬೇಡ.

ಇಂತಿ ನಿನ್ನ ಮಗ