ಮಗಳಿಗೊಂದು ಪತ್ರ: ಸೆಪ್ಟೆಂಬರ್ 17 ನಮ್ಮ ದಿನ ಯಾಕೆ

ಪ್ರೀತಿಯ ಮಗಳೆ,

ನೀನು ಫೋನಿನಲ್ಲಿ ಕೇಳಿದ್ದಕ್ಕೆ ಅಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಅದು ಐದು ನಿಮಿಷದ ಮಾತಲ್ಲ. "ನಿಮ್ಮ ಕಡೆ ಆಗಸ್ಟ್ 15ಕ್ಕೂ ಬಾವುಟ ಹಾರಿಸ್ತೀರಿ, ಸೆಪ್ಟೆಂಬರ್ 17ಕ್ಕೂ ಹಾರಿಸ್ತೀರಿ, ಯಾಕೆ?" ಅಂತ ನಿನ್ನ ಹಾಸ್ಟೆಲ್ ಗೆಳತಿಯರು ಕೇಳಿದರಂತೆ. ಇನ್ನೊಬ್ಬಳು "ಇವರು ಹೈದರಾಬಾದ್ ಕರ್ನಾಟಕ ಕೋಟಾದವರು" ಅಂದಳಂತೆ. ಅದನ್ನು ಹೇಳುವಾಗ ನಿನ್ನ ದನಿ ಸಣ್ಣಗಾಯಿತು. ಅದಕ್ಕೇ ಬರೆಯಲು ಕೂತೆ. ಆ ದಿನವೂ ನಿನ್ನದು, ಆ ಸೀಟೂ ನಿನ್ನದು. ಎರಡರ ಹಿಂದೆ ಏನಿದೆ ಅಂತ ನಿನಗೆ ಸರಿಯಾಗಿ ಗೊತ್ತಿರಬೇಕು.

1947ರ ಆಗಸ್ಟ್ 15ರಂದು ನಮ್ಮ ಊರಿಗೆ ಸ್ವಾತಂತ್ರ್ಯ ಬರಲಿಲ್ಲ, ಬಂದದ್ದು 1948ರ ಸೆಪ್ಟೆಂಬರ್ 17ಕ್ಕೆ. ಇದನ್ನು ನಿನ್ನ ಗೆಳತಿಯರಿಗೆ ಮೊದಲು ಹೇಳು. ಆಗ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದಲ್ಲಿ ಇದ್ದದ್ದು 16 ಜಿಲ್ಲೆ. ಎಂಟು ತೆಲುಗರವು, ಐದು ಮರಾಠಿಗರವು, ಮೂರು ನಮ್ಮವು. ಇವತ್ತಿನ ಕೊಪ್ಪಳ ಜಿಲ್ಲೆ ಆಗ ರಾಯಚೂರಿನ ಒಳಗಿತ್ತು. ಕೊಪ್ಪಳ ಭಾಗ ಸಾಲಾರ್ ಜಂಗ್ ಮನೆತನದ ಜಹಗೀರು. ಇಂಗ್ಲಿಷರು ಹೊರಟಾಗ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಭಾರತಕ್ಕೆ ಸೇರಲು ಒಪ್ಪಲಿಲ್ಲ. ತಾನು ಸ್ವತಂತ್ರ ದೊರೆಯಾಗಿ ಇರುತ್ತೇನೆ ಅಂದ. ನವೆಂಬರ್ 29ಕ್ಕೆ ದೆಹಲಿ ಜೊತೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ. ಅಂದರೆ ಒಂದು ವರ್ಷ ಎಲ್ಲ ಹೇಗಿದೆಯೋ ಹಾಗೇ ಇರಲಿ ಅಂತ.

ನಮ್ಮ ಕಡೆ ಇದನ್ನು ಅರ್ಥ ಮಾಡಿಕೊಳ್ಳಲು ನಕ್ಷೆ ಬೇಡ, ಹೊಳೆ ಸಾಕು. ನೀನು ಚಿಕ್ಕವಳಿದ್ದಾಗ ಆನೆಗೊಂದಿಗೆ ಹೋಗುತ್ತಿದ್ದೆವಲ್ಲ, ತುಂಗಭದ್ರೆಯ ಈ ದಂಡೆ ನಿಜಾಮನದು. ಆ ದಂಡೆಯ ಹಂಪಿ, ಹೊಸಪೇಟೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯವು. ಆಗಸ್ಟ್ 15ರಂದು ಆ ದಂಡೆಯಲ್ಲಿ ಬಾವುಟ ಏರಿತು. ಈ ದಂಡೆಯಲ್ಲಿ ಅದೇ ಬಾವುಟ ಏರಿಸಿದವರು ಜೈಲಿಗೆ ಹೋದರು. ನಿನ್ನ ಮುತ್ತಜ್ಜಿ ನನಗೆ ಹೇಳುತ್ತಿದ್ದಳು: "ಹೊಳಿ ದಾಟಿದ್ರ ಗಾಂಧಿ ರಾಜ್ಯ ಇತ್ತವ್ವ. ಹರಿಗೋಲಿನ್ಯಾಗ ಕುಂತ್ರ ಸಾಕು, ರಾಜ್ಯನ ಬ್ಯಾರೆ." ಒಂದೇ ಮಾತು ಆಡುವವರು, ಎರಡೂ ಕಡೆ ಹೆಣ್ಣು ಕೊಟ್ಟು ತಂದವರು. ನೀರಿನ ಒಂದು ಬದಿಯವರಿಗೆ ಬಿಡುಗಡೆ ಆಯಿತು. ಇನ್ನೊಂದು ಬದಿಯವರು ಇನ್ನೂ 13 ತಿಂಗಳ ಮೇಲೆ ಎರಡು ದಿನ ಕಾಯಬೇಕಾಯಿತು.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಆ 13 ತಿಂಗಳು ಹೇಗಿದ್ದವು ಅಂತ ನಮ್ಮ ಕಡೆ ಯಾವ ಹಿರಿಯರನ್ನು ಕೇಳಿದರೂ ಒಂದೇ ಮಾತು ಬರುತ್ತದೆ, ರಜಾಕಾರರ ಹಾವಳಿ. ರಜಾಕಾರರು ಅಂದರೆ ನಿಜಾಮನ ಪರ ಆಯುಧ ಹಿಡಿದ ಖಾಸಗಿ ಪಡೆಯವರು, ಲಾತೂರಿನ ವಕೀಲ ಕಾಸಿಂ ರಜ್ವಿ ಇವರ ಮುಖಂಡ. ನಿಜಾಮನ ಸರಕಾರ ಇವರನ್ನು ತಡೆಯಲಿಲ್ಲ. ಊರಿಗೆ ನುಗ್ಗಿ ದೋಚಿದರು, ಸುಟ್ಟರು, ಕೊಂದರು. ಬಸವಕಲ್ಯಾಣ ತಾಲ್ಲೂಕಿನ ಗೋರ್ಟಾದಲ್ಲಿ 1948ರ ಮೇ ತಿಂಗಳಲ್ಲಿ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ. ಸುಮಾರು ಇನ್ನೂರು ಜನ ಸತ್ತರು ಅಂತ ಆ ಊರಿನವರು ಹೇಳುತ್ತಾರೆ. ಅಲ್ಲಿ ಈಗ ಸ್ಮಾರಕ ಇದೆ. ನಮ್ಮ ಮನೆಯಲ್ಲಿ ಜೋಳ ತುಂಬುವ ಹಗೇವು ಖಾಲಿ ಮಾಡಿ ಹರೆಯದ ಹುಡುಗಿಯರನ್ನು ಅದರೊಳಗೆ ಇಳಿಸುತ್ತಿದ್ದರಂತೆ. ಮೇಲೆ ಕಲ್ಲು, ಕಲ್ಲಿನ ಮೇಲೆ ಕಣಕಿ. ಮುತ್ತಜ್ಜಿಯ ತಂಗಿ ಆ ಹುಡುಗಿಯರಲ್ಲಿ ಒಬ್ಬಳು. ಸಾಯುವವರೆಗೂ ಆಕೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಮಲಗಲಿಲ್ಲ.

ಸಾವಿರಾರು ಜನ ಗಡಿ ದಾಟಿದರು. ಸೊಲ್ಲಾಪುರ, ಗದಗ, ಹೊಸಪೇಟೆ, ಎಲ್ಲಿ ನೆಂಟರಿದ್ದರೋ ಅಲ್ಲಿಗೆ. ಹಾಗೆ ದಾಟಿದವರಲ್ಲಿ ಕೆಲವರು ಗಡಿಯಲ್ಲೇ ನಿಂತರು. ಅವರೇ ಶಿಬಿರಗಳನ್ನು ಕಟ್ಟಿದವರು. ನಮ್ಮ ಭಾಗಕ್ಕೆ ಮುಂಡರಗಿ ಶಿಬಿರ ದೊಡ್ಡದು, ಅದರ ಮುಂದಾಳು ಅಳವಂಡಿ ಶಿವಮೂರ್ತಿ ಸ್ವಾಮಿ. ಆ ಶಿಬಿರಗಳಿಂದ ರಾತ್ರಿ ಹೊರಟು ನಿಜಾಮನ ಠಾಣೆಗಳ ಮೇಲೆ ದಾಳಿ ಮಾಡಿ ಬೆಳಗಾಗುವುದರೊಳಗೆ ವಾಪಸ್ ಬರುತ್ತಿದ್ದರು. ಅದಕ್ಕೆ ಮೊದಲು ಇವರಲ್ಲಿ ಬಹಳ ಜನ ಬಂದೂಕು ಮುಟ್ಟಿದವರೇ ಅಲ್ಲ. ಒಕ್ಕಲುತನ ಮಾಡುವವರು, ಶಾಲೆ ಮಾಸ್ತರರು, ಕಾಲೇಜು ಬಿಟ್ಟ ಹುಡುಗರು.

ಇವರೆಲ್ಲರಿಗೂ ಹಿರಿಯರು ಸ್ವಾಮಿ ರಮಾನಂದ ತೀರ್ಥರು. ಹುಟ್ಟಿದ್ದು ನಮ್ಮ ವಿಜಯಪುರ ಜಿಲ್ಲೆಯ ಸಿಂದಗಿಯಲ್ಲಿ, 1903ರಲ್ಲಿ. ಮರಾಠವಾಡದ ಶಾಲೆಗಳಲ್ಲಿ ಮಾಸ್ತರಿಕೆ ಮಾಡಿದವರು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟಲು ಹೊರಟಾಗ ನಿಜಾಮನ ಸರಕಾರ ಅದು ಹುಟ್ಟುವ ಮೊದಲೇ ಅದಕ್ಕೆ ನಿಷೇಧ ಹಾಕಿತು. ಅಲ್ಲಿ ಸಭೆ ಸೇರಲೂ ಮೊದಲೇ ಅಪ್ಪಣೆ ಬೇಕಿತ್ತು, ನಾಲ್ಕು ಜನ ಸೇರಿ ಕಷ್ಟಸುಖ ಮಾತಾಡುವುದೂ ಕಷ್ಟ. ಇಡೀ ದೇಶ ಹಬ್ಬ ಮಾಡುತ್ತಿದ್ದ 1947ರ ಆಗಸ್ಟ್ 15ರಂದೇ ತೀರ್ಥರನ್ನು ಹಿಡಿದು ಒಳಗೆ ಹಾಕಿದರು. ಇದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ. ಇಂಥವರ ಹೆಸರು ಬೆಂಗಳೂರಿನ ಕಡೆಯ ಮಕ್ಕಳಿಗೆ ಗೊತ್ತಿಲ್ಲ ಅಂದರೆ ಅದು ಅವರ ತಪ್ಪಲ್ಲ. ನಾವು ಹೇಳಿಲ್ಲ, ಪಾಠದ ಪುಸ್ತಕವೂ ನಾಲ್ಕು ಸಾಲಿನಲ್ಲಿ ಮುಗಿಸಿಬಿಡುತ್ತದೆ.

ಇನ್ನೊಂದು ಹೆಸರನ್ನು ನೀನು ಮರೆಯಬಾರದು, ಶೋಯಬುಲ್ಲಾ ಖಾನ್. ಹೈದರಾಬಾದಿನಲ್ಲಿ 'ಇಮ್ರೋಜ್' ಅನ್ನುವ ಉರ್ದು ಪತ್ರಿಕೆ ನಡೆಸುತ್ತಿದ್ದ. ಇನ್ನೂ ಹರೆಯದವನು. ಹೈದರಾಬಾದ್ ಭಾರತಕ್ಕೆ ಸೇರಬೇಕು, ರಜಾಕಾರರ ಆಟ ನಿಲ್ಲಬೇಕು ಅಂತ ಧೈರ್ಯವಾಗಿ ಬರೆದ. 1948ರ ಆಗಸ್ಟ್‌ನಲ್ಲಿ ಒಂದು ರಾತ್ರಿ ಕಚೇರಿಯಿಂದ ಮನೆಗೆ ಹೋಗುವಾಗ ಗುಂಡು ಹೊಡೆದು ಕೊಂದರು. ಬರೆದ ಕೈಯನ್ನೂ ಕಡಿದರು. ಬಿಡುಗಡೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಇದು ಹಿಂದೂ ಮುಸ್ಲಿಂ ಜಗಳ ಅಂತ ಯಾರಾದರೂ ನಿನಗೆ ಹೇಳಲು ಬಂದರೆ ಈ ಹುಡುಗನ ಕಥೆ ಹೇಳು.

ಸೆಪ್ಟೆಂಬರ್ 13, ಸೋಮವಾರ, ಭಾರತದ ಸೇನೆ ಒಳಗೆ ಬಂತು. ಸೇನೆಯವರು ಅದಕ್ಕೆ ಇಟ್ಟ ಹೆಸರು ಆಪರೇಷನ್ ಪೋಲೊ. ಸರಕಾರ ಹೇಳಿದ್ದು ಪೊಲೀಸ್ ಕಾರ್ಯಾಚರಣೆ ಅಂತ, ನಮ್ಮ ಜನರ ಬಾಯಲ್ಲಿ ಉಳಿದದ್ದು "ಪೊಲೀಸ್ ಆಕ್ಷನ್". ಮುಖ್ಯ ಪಡೆ ಸೊಲ್ಲಾಪುರದ ಕಡೆಯಿಂದ ನಳದುರ್ಗದ ದಾರಿ ಹಿಡಿದು ಬಂತು. ಐದು ದಿನದೊಳಗೆ ಮುಗಿಯಿತು. 17ನೇ ತಾರೀಕು ಶುಕ್ರವಾರ ಸಂಜೆ ನಿಜಾಮ ರೇಡಿಯೊದಲ್ಲಿ ಮಾತಾಡಿ ಕದನ ನಿಲ್ಲಿಸಿದ್ದೇನೆ ಅಂದ. ಮಾರನೆಯ ದಿನ ಅವನ ಸೇನಾಪತಿ ಎಲ್ ಎದ್ರೂಸ್, ನಮ್ಮ ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಮುಂದೆ ಶರಣಾದ. ಕಾಗದದ ಪ್ರಕಾರ ನೋಡಿದರೆ 18 ಅನ್ನಬಹುದೇನೋ. ಆದರೆ ಜನ 17 ಅನ್ನೇ ಹಿಡಿದುಕೊಂಡರು, ಅದೇ ಸರಿ ಅಂತ ನನಗನಿಸುತ್ತದೆ. ಭಯ ಹೋದದ್ದು ಆ ಸಂಜೆ.

ಇಲ್ಲಿಗೆ ನಿಲ್ಲಿಸಿದರೆ ಕಥೆ ಕೇಳಲು ಚೆನ್ನಾಗಿರುತ್ತದೆ. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನು ನಿಲ್ಲಿಸುವುದಿಲ್ಲ, ಯಾಕೆಂದರೆ ನೀನು ನನ್ನ ಮಗಳು.

ಸೇನೆ ಬಂದ ಮೇಲಿನ ವಾರಗಳಲ್ಲಿ ಸೇಡು ಶುರುವಾಯಿತು. ರಜಾಕಾರರ ಜೊತೆ ಯಾವ ಸಂಬಂಧವೂ ಇಲ್ಲದ ಬಡ ಮುಸ್ಲಿಮರನ್ನು, ನೇಕಾರರನ್ನು, ಕೂಲಿಯವರನ್ನು ಊರೂರಲ್ಲಿ ಕೊಂದರು. ನೆಹರೂ ಸರಕಾರವೇ ಪಂಡಿತ ಸುಂದರಲಾಲ್ ಅವರ ತಂಡವನ್ನು ನೋಡಿ ಬರಲು ಕಳಿಸಿತು. ಅವರು ಹಳ್ಳಿ ಹಳ್ಳಿ ತಿರುಗಿ ಕೊಟ್ಟ ವರದಿಯಲ್ಲಿ, ಕಡಿಮೆ ಅಂದರೂ 27,000ದಿಂದ 40,000 ಜನ ಸತ್ತಿರಬೇಕು ಅಂತ ಇದೆ. ಹೆಚ್ಚು ಕೆಟ್ಟದ್ದು ನಡೆದ ನಾಲ್ಕು ಜಿಲ್ಲೆಗಳಲ್ಲಿ ಎರಡು ನಮ್ಮವೇ, ಗುಲ್ಬರ್ಗಾ ಮತ್ತು ಬೀದರ. ಉಳಿದೆರಡು ಉಸ್ಮಾನಾಬಾದ್, ನಾಂದೇಡ. ಆ ವರದಿಯನ್ನು ದಶಕಗಳ ಕಾಲ ಹೊರಗೆ ಬಿಡಲೇ ಇಲ್ಲ. ಅದೇ ವರದಿಯಲ್ಲಿ ಇನ್ನೊಂದು ಮಾತೂ ಇದೆ. ಹಿಂದೂ ನೇಕಾರರು ತಮ್ಮ ಜೊತೆ ಮಗ್ಗ ನಡೆಸುವ ಮುಸ್ಲಿಂ ನೇಕಾರರಿಗೆ ಅಡ್ಡ ನಿಂತು ಉಳಿಸಿದರು, ಕೆಲವರು ತಮ್ಮ ಜೀವವನ್ನೇ ಕೊಟ್ಟರು. ನಮ್ಮ ಮನೆಯ ಅಟ್ಟದ ಮೇಲೂ ಓಣಿಯ ಪಿಂಜಾರರ ಮನೆಯವರನ್ನು ಇಟ್ಟುಕೊಂಡಿದ್ದರಂತೆ. ಮುತ್ತಜ್ಜಿ ಇದನ್ನು ದೊಡ್ಡ ಉಪಕಾರ ಅಂತ ಯಾವತ್ತೂ ಹೇಳಲಿಲ್ಲ. "ಗಾದಿ ತುಂಬಿ ಕೊಡೋರು ಅವ್ರು. ಅವ್ರೇನ್ ಮಾಡ್ಯಾರವ್ವ?" ಅಂತಿದ್ದಳು, ಅಷ್ಟೇ.

ಕೊಂದವರಲ್ಲಿ ಬಹಳ ಜನಕ್ಕೆ ಯಾವ ಶಿಕ್ಷೆಯೂ ಆಗಲಿಲ್ಲ. ದೊಡ್ಡವರ ಕಥೆ ಬೇರೆ. ನಿಜಾಮ 1950ರಲ್ಲಿ ಅದೇ ಹೈದರಾಬಾದ್ ರಾಜ್ಯಕ್ಕೆ ರಾಜಪ್ರಮುಖನಾದ, ಅಂದರೆ ರಾಜ್ಯಪಾಲರಂಥ ಹುದ್ದೆ, 1956ರವರೆಗೂ ಇದ್ದ. ರಜ್ವಿ ಜೈಲು ಮುಗಿಸಿ 1957ರಲ್ಲಿ ಪಾಕಿಸ್ತಾನಕ್ಕೆ ಹೋದ. ಹಗೇವಿನಲ್ಲಿ ಕೂತ ಹುಡುಗಿಗೂ ಅಟ್ಟದ ಮೇಲೆ ಕೂತ ಪಿಂಜಾರರ ಸೊಸೆಗೂ ಯಾರೂ ಏನೂ ಕೊಡಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ.

1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ನಮ್ಮ ಮೂರು ಜಿಲ್ಲೆ ಕನ್ನಡ ನಾಡಿಗೆ ಬಂದವು. ಹಾಗಾಗಿ ಒಂದೇ ಸೆಪ್ಟೆಂಬರ್ 17 ಈಗ ಮೂರು ರಾಜ್ಯಗಳಲ್ಲಿ ಮೂರು ಥರ. ಮರಾಠವಾಡದವರು ಮುಕ್ತಿ ಸಂಗ್ರಾಮ ದಿನ ಅಂತ ಮಾಡುತ್ತಾರೆ. ತೆಲಂಗಾಣದಲ್ಲಿ ಅದನ್ನು ಏನಂತ ಕರೆಯಬೇಕು ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನಮ್ಮಲ್ಲಿ ವಿಮೋಚನಾ ದಿನ ಅಂತಿದ್ದದ್ದು 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಆಗಿದೆ. ಹೆಸರು ಏನೇ ಇರಲಿ, ದಿನ ತಪ್ಪಿಸದೆ ಮಾಡುತ್ತಿದ್ದೇವಲ್ಲ, ಅದು ಮುಖ್ಯ. ಗೋವಾದವರಿಗೂ 1961ರ ಡಿಸೆಂಬರ್ 19 ಹೀಗೇ. ಮೈಸೂರಿನ ನಿನ್ನ ಗೆಳತಿಗೂ ಹೇಳು, ಅವರ ಅಜ್ಜಂದಿರೂ ಆಗಸ್ಟ್ 15ರ ನಂತರ ಬೀದಿಗೆ ಇಳಿದು 'ಮೈಸೂರು ಚಲೋ' ಮಾಡಿದ ಮೇಲೇ ಅಕ್ಟೋಬರ್ ಕೊನೆಗೆ ಕೆ. ಸಿ. ರೆಡ್ಡಿಯವರ ಜನರ ಸರಕಾರ ಬಂದದ್ದು. ದೇಶಕ್ಕೆಲ್ಲ ಒಂದೇ ದಿನ ಬೆಳಗಾಯಿತು ಅನ್ನುವುದು ನಾವು ಮಕ್ಕಳಿಗೆ ಹೇಳುವ ಸುಲಭದ ಕಥೆ.

ಈಗ ನಿನ್ನ ಸೀಟಿನ ವಿಷಯ. ನಿಜಾಮನ ಕಾಲದಲ್ಲಿ ಆಡಳಿತವೆಲ್ಲ ಉರ್ದುವಿನಲ್ಲಿ, ಮೇಲಿನ ಓದೂ ಉರ್ದುವಿನಲ್ಲಿ. ಕನ್ನಡದಲ್ಲಿ ಕಲಿಸುವ ಶಾಲೆ ಬೆರಳೆಣಿಕೆ. ಭೂಮಿಯ ದೊಡ್ಡ ಪಾಲು ಜಹಗೀರದಾರರದು. 1956ರಲ್ಲಿ ಮೈಸೂರಿನವರ ಪಕ್ಕ ಬಂದು ನಿಂತಾಗ ನಾವು ಎರಡು ಮೂರು ತಲೆಮಾರು ಹಿಂದಿದ್ದೆವು. ಅದು ತಾನಾಗಿ ಸರಿಹೋಗಲಿಲ್ಲ. 2002ರಲ್ಲಿ ಡಿ. ಎಂ. ನಂಜುಂಡಪ್ಪ ಸಮಿತಿ ಲೆಕ್ಕ ಹಾಕಿದಾಗ ಇಡೀ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದವೇ ಆಗಿದ್ದವು. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಬೇಕು ಅಂತ ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದರು. ಆಮೇಲೆ ಸಂವಿಧಾನಕ್ಕೆ 98ನೇ ತಿದ್ದುಪಡಿಯಾಗಿ 371 ಜೆ ಸೇರಿತು, 2013ರಲ್ಲಿ ಜಾರಿಗೆ ಬಂತು. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70 ಸೀಟು, ರಾಜ್ಯದ ಉಳಿದ ಕಡೆ ಶೇ. 8 ಸೀಟು ನಮ್ಮ ಮಕ್ಕಳಿಗೆ. ನಿನ್ನದು ಆ ಎಂಟರಲ್ಲಿ ಒಂದು. ಯಾರ ಸೀಟನ್ನೂ ನೀನು ಕಸಿದುಕೊಂಡಿಲ್ಲ. ನೀನು ಓದಿದ್ದೀಯ, ಪರೀಕ್ಷೆ ಬರೆದಿದ್ದೀಯ, ಹೋಗಿದ್ದೀಯ. ನನ್ನ ಅವ್ವನಿಗೆ ನಾಲ್ಕನೇ ಇಯತ್ತೆಯ ಆಚೆ ಹೋಗಲು ಊರಲ್ಲಿ ಶಾಲೆಯೇ ಇರಲಿಲ್ಲ ಅನ್ನುವುದನ್ನೂ ಬೇಕಾದರೆ ಹೇಳು.

ದೀಪಾವಳಿಗೆ ಬಂದಾಗ ಒಂದು ಕೆಲಸ ಇದೆ. ಮುಂಡರಗಿಯ ನಿನ್ನ ಸಣ್ಣಜ್ಜ ಆಗ ಹತ್ತು ಹನ್ನೊಂದು ವರ್ಷದ ಹುಡುಗ. ಶಿಬಿರಕ್ಕೆ ರೊಟ್ಟಿ ಬುತ್ತಿ ಹೊತ್ತವರು. ಈಗ ಕಣ್ಣು ಮಂಜು, ಕಿವಿ ಅಷ್ಟಕ್ಕಷ್ಟೇ, ಆದರೆ ನೆನಪು ಗಟ್ಟಿ. ಮುಂಜಾನೆ ಹೊತ್ತು ಚೆನ್ನಾಗಿ ಮಾತಾಡುತ್ತಾರೆ. ನಾವಿಬ್ಬರೂ ಹೋಗೋಣ, ನಿನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊ. ರೊಟ್ಟಿ ಯಾರ ಯಾರ ಮನೆಯಿಂದ ಬರುತ್ತಿತ್ತು, ಯಾವ ದಾರಿ ಹಿಡಿಯುತ್ತಿದ್ದರು, 17ರ ಸಂಜೆ ಸುದ್ದಿ ಹೇಗೆ ಮುಟ್ಟಿತು, ಎಲ್ಲ ಕೇಳು. ಮಿಲಿಟರಿ ಬಂದ ಮೇಲೆ ಸುತ್ತಲಿನ ಊರುಗಳಲ್ಲಿ ಏನಾಯಿತು ಅಂತಲೂ ಕೇಳು, ಸಂಕೋಚ ಮಾಡಬೇಡ. ನಾನು ಕೇಳಿದರೆ ಮಾತು ಬದಲಿಸುತ್ತಾರೆ. ನೀನು ಮೊಮ್ಮಗಳು, ನಿನಗೆ ಹೇಳಬಹುದು.

ರೈಲಿಗೆ ಟಿಕೆಟ್ ಈಗಲೇ ಮಾಡಿಸು, ಹಬ್ಬದ ಹೊತ್ತಿಗೆ ಸಿಗುವುದಿಲ್ಲ. ಶೇಂಗಾ ಚಟ್ನಿ, ಸಜ್ಜೆ ರೊಟ್ಟಿ ಕಳಿಸಿದ್ದೇನೆ. ಗೆಳತಿಯರಿಗೂ ಕೊಡು, ಆ ಕೋಟಾ ಅಂದ ಹುಡುಗಿಗೆ ಮೊದಲು.

ನಿನ್ನ ಅವ್ವ